ಆರು ವಾರ ಹಾಡಬೇಡಿ ಅಂದಿದ್ದಾರೆ, ಐದನೇ ವಾರಕ್ಕೆ ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ

ಶ್ರುತಿ_ತಂತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ. ನಾಲ್ಕು ದಿನದಿಂದ ಮಾತು ತೀರಾ ಕಡಿಮೆ ಮಾಡಿದ್ದೇನೆ, ಹೇಳಬೇಕಾದದ್ದೆಲ್ಲ ಬೆರಳ ತುದಿಗೆ ಬಂದು ನಿಂತಿದೆ.

ನಾನು ಹಾಡುವವಳು. ಹತ್ತೊಂಬತ್ತು ವರ್ಷದಿಂದ ವೇದಿಕೆ ಮೇಲಿದ್ದೇನೆ. ದೊಡ್ಡ ಹೆಸರಲ್ಲ, ಆದರೆ ಕಾರ್ಯಕ್ರಮ ಇದೆ ಅಂದರೆ ಬಂದು ಕೂರುವ ಜನ ಇದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಒಂದು ಹಾಡು ಹಾಕುತ್ತೇನೆ, ಅದಕ್ಕೆ ಕಾಯುವವರೂ ಇದ್ದಾರೆ.

ಐದು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅವರು ಹೋದ ಒಂಬತ್ತನೇ ದಿನಕ್ಕೆ ಮೊದಲೇ ಒಪ್ಪಿಕೊಂಡಿದ್ದ ಕಾರ್ಯಕ್ರಮವಿತ್ತು. ಹೋಗಿ ಹಾಡಿದೆ. ಯಾರೂ ಬಲವಂತ ಮಾಡಿರಲಿಲ್ಲ, ಅದನ್ನು ಹೇಳಿಬಿಡಬೇಕು. ಬೇಡ ಅಂತ ಹೇಳುವ ತ್ರಾಣ ಇರಲಿಲ್ಲ, ಹಾಡುವ ಅಭ್ಯಾಸ ಮಾತ್ರ ಇತ್ತು.

ಅಪ್ಪ ನನ್ನ ಯಾವುದೇ ಕಾರ್ಯಕ್ರಮಕ್ಕೆ ಬಂದರೂ ಎಡಗಡೆ ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಎಲ್ಲಾದರೂ ಒತ್ತಿ ಹಾಡಿದರೆ ತೋರುಬೆರಳನ್ನು ಮಂಡಿ ಮೇಲೆ ಒಂದು ಸಲ ತಟ್ಟುತ್ತಿದ್ದರು, ಅಷ್ಟೇ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಆ ದಿನ ಆ ಕುರ್ಚಿಯಲ್ಲಿ ಯಾರೋ ಕೂತು ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದರು. ಕೊನೆಯ ಹಾಡು ಮುಗಿದ ಮೇಲೆ ಸಂಘಟಕರು ಮೈಕ್ ತಗೊಂಡು, ತಂದೆಯನ್ನು ಕಳೆದುಕೊಂಡು ಒಂಬತ್ತೇ ದಿನ, ಆದರೂ ಬಂದು ಹಾಡಿದರು ಅಂತ ಹೇಳಿದರು. ಸಭೆಯೆಲ್ಲ ಎದ್ದು ನಿಂತಿತು. ಆ ವಿಡಿಯೊ ಎಲ್ಲ ಕಡೆ ಓಡಾಡಿತು. ಅವತ್ತಿನಿಂದ ನಾನು ಎಲ್ಲರಿಗೂ ‘ಗಟ್ಟಿಗಿತ್ತಿ’. ನಾಲ್ಕು ತಿಂಗಳಲ್ಲಿ ಇಪ್ಪತ್ಮೂರು ಕಾರ್ಯಕ್ರಮ ಹಾಡಿದೆ. ಹಿಂದಿನ ವರ್ಷ ಪೂರ್ತಿ ಸೇರಿದರೂ ಅಷ್ಟು ಇರಲಿಲ್ಲ.

ಮೂರನೇ ತಿಂಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ದನಿ ದಪ್ಪ ಆಗತೊಡಗಿತು. ಆಮೇಲೆ ಮೇಲಿನ ಷಡ್ಜ, ಅಂದರೆ ಮೇಲಿನ ‘ಸ’, ಹಿಡಿಯುವಾಗ ಸ್ವರದ ಬದಲು ಬರೀ ಗಾಳಿ ಬರತೊಡಗಿತು. ಖಾರ, ಧೂಳು, ನೆಗಡಿ ಅಂತ ಒಂದೊಂದು ದಿನ ಒಂದೊಂದು ಕಾರಣ ಹೇಳಿಕೊಂಡೆ. ಕೊನೆಗೆ ಹೋದ ವಾರ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ಪರದೆ ಮೇಲೆ ತೋರಿಸಿದರು. ಎರಡು ಬಿಳಿ ಪಟ್ಟಿ, ಒದ್ದೆ ಮುತ್ತಿನ ಬಣ್ಣ. ‘ಈ...’ ಅನ್ನಿ ಅಂದರು. ಅಂದೆ. ಪಟ್ಟಿಗಳು ಹತ್ತಿರ ಬಂದವು, ಆದರೆ ಪೂರ್ತಿ ಕೂಡಲಿಲ್ಲ. ಎರಡರ ಮೇಲೂ ಎದುರುಬದುರು ಒಂದೊಂದು ಸಣ್ಣ ಉಬ್ಬು. ಅವೆರಡು ಮೊದಲು ತಾಗಿ, ಮೇಲೂ ಕೆಳಗೂ ಸಂದಿ ಉಳಿಯಿತು. ಮರಳುಗಡಿಯಾರದ ಆಕಾರ. ಹತ್ತೊಂಬತ್ತು ವರ್ಷ ನನ್ನ ಹೆಸರಿನಲ್ಲಿ ದುಡಿದ ಎರಡು ಪಟ್ಟಿಯನ್ನು ಅವತ್ತೇ ಮೊದಲ ಸಲ ನೋಡಿದ್ದು.

ನಾಡ್ಯೂಲ್, ಅಂದರೆ ಸಣ್ಣ ಗಂಟು ಅಂದರು. ಆಪರೇಷನ್ ಬೇಡ, ವಾಯ್ಸ್ ಥೆರಪಿ ಮಾಡಿಸಿ, ಆರು ವಾರ ಹಾಡಬೇಡಿ, ಮಾತು ಕಡಿಮೆ ಮಾಡಿ ಅಂದರು.

ಹಾಡಬೇಡಿ ಅಂದ ತಕ್ಷಣ ನನಗೆ ಮೊದಲು ಆದದ್ದು ಭಯ ಅಲ್ಲ. ಯಾರೋ ತಲೆ ಮೇಲಿನ ಹೊರೆ ಇಳಿಸಿದ ಹಾಗಾಯಿತು. ಅದೇ ನನ್ನನ್ನು ಹೆಚ್ಚು ಹೆದರಿಸಿದೆ.

ಈಗ ಐದನೇ ವಾರಕ್ಕೆ ಒಂದು ದೊಡ್ಡ ಕಾರ್ಯಕ್ರಮ ಇದೆ. ನನ್ನ ಫೋಟೊ ಹಾಕಿ ಪೋಸ್ಟರ್ ಆಗಿದೆ. ಸಂಘಟಕರಿಗೆ ಹೇಳಿದರೆ, ‘ಒಂದು ಇಂಜೆಕ್ಷನ್ ತಗೊಂಡು ಹಾಡಿಬಿಡಿ ಮೇಡಂ, ಎಲ್ಲರೂ ಹಾಗೇ ಮಾಡೋದು’ ಅಂದರು. ಚಿಕ್ಕಪ್ಪ ದಿನಕ್ಕೊಂದು ಮೆಸೇಜ್ ಕಳಿಸುತ್ತಾರೆ: ಸಚಿನ್ ನೋಡು, ಅಪ್ಪ ಹೋದ ನಾಲ್ಕೇ ದಿನಕ್ಕೆ ಶತಕ ಹೊಡೆದ. ಕೊಹ್ಲಿ ನೋಡು. ನೀನೂ ಅಂಥವಳೇ.

ನಾನು ಅಂಥವಳಲ್ಲ ಅನ್ನಿಸುತ್ತಿದೆ. ಅಪ್ಪ ಹೋದ ಮೇಲೆ ನಾನಿನ್ನೂ ಸರಿಯಾಗಿ ಅತ್ತಿಲ್ಲ. ಅಳುವ ಹೊತ್ತಿಗೆಲ್ಲ ಯಾವುದೋ ಹಾಲ್‌ನಲ್ಲಿ ಸೌಂಡ್ ಚೆಕ್ ಇರುತ್ತಿತ್ತು.

ಆ ಇಂಜೆಕ್ಷನ್ ತಗೊಳ್ಳಬಹುದಾ? ಇಲ್ಲ ಅಂದರೆ ಜನಕ್ಕೆ ಏನು ಹೇಳಲಿ? ಗಂಟಲು ಅಂದರೆ ದಿನಾ ‘ಸರಿಹೋಯ್ತಾ’ ಅಂತ ಕೇಳುತ್ತಾರೆ. ಅಪ್ಪನ ವಿಷಯ ಅಂದರೆ ‘ಐದು ತಿಂಗಳಾಯ್ತಲ್ಲ’ ಅನ್ನುತ್ತಾರೆ. ಹೀಗೆ ನಡುವೆ ನಿಲ್ಲಿಸಿ ಮತ್ತೆ ವಾಪಸ್ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

---

ಮಾತು_ಮೌನ ಉತ್ತರ:

ನಾನು ಸ್ಪೀಚ್ ಥೆರಪಿಸ್ಟ್, ಹೆಚ್ಚಾಗಿ ಧ್ವನಿ ಕೆಟ್ಟವರ ಜೊತೆಯೇ ಕೆಲಸ. ಶಿಕ್ಷಕಿಯರು, ಹಾಡುವವರು, ಫೋನ್‌ನಲ್ಲಿ ದಿನವಿಡೀ ಮಾತಾಡುವ ಉದ್ಯೋಗದವರು. ನಿಮ್ಮ ಡಾಕ್ಟರು ಹೇಳಿದ್ದೇ ನಿಮಗೆ ಅಂತಿಮ, ನನ್ನದು ಅದಕ್ಕೆ ಪೂರಕ ಅಂತ ತಗೊಳ್ಳಿ.

ಮೊದಲು ಇಂಜೆಕ್ಷನ್ ವಿಷಯ. ಅದು ಸಾಮಾನ್ಯವಾಗಿ ಸ್ಟೀರಾಯ್ಡ್. ಊತ ಇಳಿಸುತ್ತದೆ, ಒಂದೆರಡು ದಿನ ದನಿ ಹಗುರಾದಂತೆ ಅನ್ನಿಸುತ್ತದೆ. ಗಂಟು ಮಾತ್ರ ಅಲ್ಲೇ ಇರುತ್ತದೆ. ಏನಾಗುತ್ತದೆ ಅಂದರೆ, ‘ಸಾಕು, ನಿಲ್ಲಿಸು’ ಅಂತ ಹೇಳುತ್ತಿದ್ದ ಗಂಟಲು ಬಾಯಿ ಮುಚ್ಚಿಕೊಳ್ಳುತ್ತದೆ, ನೀವು ಎಂದಿಗಿಂತ ಹೆಚ್ಚು ಒತ್ತಿ ಹಾಡುತ್ತೀರಿ. ಪೆಟ್ಟು ತಿಂದ ಧ್ವನಿತಂತುವಿನ (ನೀವು ಪರದೆ ಮೇಲೆ ಕಂಡ ಬಿಳಿ ಪಟ್ಟಿಯ) ಮೇಲೆ ಸಣ್ಣ ರಕ್ತನಾಳ ಒಡೆದರೆ ಹಾಡುತ್ತಿರುವಾಗಲೇ ದನಿ ಹೋಗಬಹುದು, ಆಗ ಕಥೆಯೇ ಬೇರೆ. ತುರ್ತಿಗೆ ಡಾಕ್ಟರೇ ನೋಡಿ, ತೂಗಿ ಕೊಡುವ ಸಂದರ್ಭಗಳಿವೆ. ಸಂಘಟಕರು ಸೂಚಿಸುವ ಮದ್ದು ಅದಲ್ಲ.

ನಾಡ್ಯೂಲ್ ಅಂದರೆ ಹೆದರಬೇಡಿ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವ ಗಡ್ಡೆಯೂ ಅಲ್ಲ. ಗುದ್ದಲಿ ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುತ್ತದಲ್ಲ, ಹಾಗೆ. ಹೆಣ್ಣುಮಕ್ಕಳು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ನಿಮ್ಮ ಶ್ರುತಿ (ಹಾಡಿನ ಆಧಾರ ಸ್ವರ) ‘ಎ’ ಆಗಿದ್ದರೆ, ಮೇಲಿನ ಷಡ್ಜ ಹಿಡಿದು ನಿಂತಾಗ ಸೆಕೆಂಡಿಗೆ 440 ಸಲ. ಒಂದು ನಿಮಿಷಕ್ಕೆ ಲೆಕ್ಕ ಹಾಕಿ: 26,400. ತಂತುವಿನ ಮುಂಭಾಗದ ಮೂರನೇ ಒಂದು ಪಾಲು ಮುಗಿಯುವ ಜಾಗದಲ್ಲಿ ಈ ಪೆಟ್ಟು ಅತಿ ಜೋರು. ನೀವು ಪರದೆ ಮೇಲೆ ಕಂಡ ಉಬ್ಬು ಕೂತಿರುವುದು ಅಲ್ಲೇ. ಆ ಪೆಟ್ಟು ಕಡಿಮೆಯಾಗಿ, ಹಾಡುವ ಮತ್ತು ಮಾತಾಡುವ ರೀತಿ ತಿದ್ದಿಕೊಂಡರೆ ಬಹಳ ಜನರಿಗೆ ಅದು ಕರಗುತ್ತದೆ. ಅದಕ್ಕೇ ಮೊದಲ ಚಿಕಿತ್ಸೆ ಥೆರಪಿ. ಕತ್ತರಿ ಕೊನೆಯದು. ನಟಿ, ಗಾಯಕಿ ಜೂಲಿ ಆಂಡ್ರ್ಯೂಸ್ ಅವರಿಗೆ 1997ರ ಶಸ್ತ್ರಚಿಕಿತ್ಸೆಯ ನಂತರ ಹಿಂದಿನ ಹಾಡುವ ದನಿ ಮರಳಲೇ ಇಲ್ಲ. ಇನ್ನೊಂದು ಕಡೆ, ಬ್ರಿಟಿಷ್ ಗಾಯಕಿ ಅಡೆಲ್ 2011ರಲ್ಲಿ ಧ್ವನಿತಂತುವಿನ ರಕ್ತಸ್ರಾವದಿಂದಾಗಿ ಪ್ರವಾಸವನ್ನೇ ರದ್ದು ಮಾಡಿ ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, 2012ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಗೆ ಮರಳಿ ಹಾಡಿ ಆರು ಪ್ರಶಸ್ತಿ ತಗೊಂಡರು. ಆಗ ಅವರು ಜನಪ್ರಿಯತೆಯ ತುತ್ತತುದಿಯಲ್ಲಿದ್ದರು. ಟಿಕೆಟ್ ತಗೊಂಡು ಕಾದವರು ನಿಮ್ಮ ಸಭೆಗಿಂತ ಬಹಳ ಬಹಳ ಜನ. ಆದರೂ ರದ್ದಾಯಿತು, ಜನ ಕಾದರು.

ಒಂದು ಎಚ್ಚರಿಕೆ: ಮಾತು ಕಡಿಮೆ ಮಾಡಿ ಅಂದರೆ ಪಿಸುಗುಟ್ಟಬೇಡಿ. ಒತ್ತಿ ಪಿಸುಗುಟ್ಟಿದರೂ ಗಂಟಲಿಗೆ ಶ್ರಮವೇ. ಸಹಜವಾದ ಮೆಲುದನಿ ಒಳ್ಳೆಯದು. ಗಂಟಲು ಕೆರೆದುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ, ಪ್ರತಿ ಸಲ ಕೆರೆಯುವಾಗಲೂ ಆ ಉಬ್ಬುಗಳು ಪರಸ್ಪರ ಗುದ್ದುತ್ತವೆ. ಕೆರೆಯಬೇಕು ಅನ್ನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ ಅಥವಾ ಉಗುಳು ನುಂಗಿ.

ಇನ್ನೊಂದು ಮಾತು, ಇದನ್ನು ನಾನು ದಿನಾ ನೋಡುತ್ತೇನೆ. ದುಃಖ ನುಂಗಿಕೊಂಡವರ ಕುತ್ತಿಗೆ ಕಲ್ಲಿನ ಹಾಗಿರುತ್ತದೆ. ದವಡೆ, ನಾಲಿಗೆಯ ಬುಡ, ಧ್ವನಿಪೆಟ್ಟಿಗೆಯ ಸುತ್ತಲ ಸ್ನಾಯು ಎಲ್ಲ ಬಿಗಿ. ಆ ಬಿಗಿಯಲ್ಲೇ ಇಪ್ಪತ್ಮೂರು ಕಾರ್ಯಕ್ರಮ ಹಾಡಿದ್ದೀರಿ. ಥೆರಪಿಗೆ ಹೋದಾಗ ಗಂಟಲಿನ ಕಥೆಯ ಜೊತೆಗೆ ಅಪ್ಪನ ಕಥೆಯನ್ನೂ ಹೇಳಿ. ಒಳ್ಳೆಯ ಥೆರಪಿಸ್ಟ್ ಆದರೆ ಕೇಳಿಸಿಕೊಳ್ಳುತ್ತಾರೆ, ಬೇಕಾದರೆ ಆಪ್ತಸಮಾಲೋಚಕರ ಹತ್ತಿರ ಕಳಿಸುತ್ತಾರೆ. ಹೊರೆ ಇಳಿದಂತಾಯಿತು ಅಂದಿರಲ್ಲ, ಅದರಲ್ಲಿ ಹೆದರುವಂಥದ್ದು ನನಗೇನೂ ಕಾಣಲಿಲ್ಲ.

---

ಪರದೆ_ಹಿಂದೆ ಉತ್ತರ:

ಅಮ್ಮಾ, ನಾನು ನಾಟಕದವನು, ವಯಸ್ಸು ಅರವತ್ತು ದಾಟಿದೆ. ಎಲ್ಲರೂ ನಿಲ್ಲಿಸು ಅಂತಲೇ ಹೇಳುತ್ತಾರೆ, ಆದ್ದರಿಂದ ಇನ್ನೊಂದು ಬದಿಯನ್ನೂ ಒಬ್ಬರು ಹೇಳಬೇಕು.

ನನ್ನ ಹೆಂಡತಿ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರಂಗ. ಮನೆಯಲ್ಲಿ ಕೂತಿದ್ದರೆ ನಾನು ಉಳಿಯುತ್ತಿರಲಿಲ್ಲ. ಸಂಜೆ ಐದಕ್ಕೆ ತಾಲೀಮು ಅಂತ ಒಂದು ಹೊತ್ತು ಗೊತ್ತಿತ್ತು, ಆ ಹೊತ್ತಿಗೆ ಎದ್ದು ಶರ್ಟು ಹಾಕಿಕೊಂಡು ಹೊರಡಲೇಬೇಕಿತ್ತು. ಹಾಗೆ ದಿನಗಳು ಸರಿದವು. ಹಾಗಾಗಿ ಕೆಲಸಕ್ಕೆ ಮರಳಿದವರೆಲ್ಲ ದುಃಖ ಮುಚ್ಚಿಟ್ಟವರು ಅಂದರೆ ನಾನು ಒಪ್ಪುವುದಿಲ್ಲ.

ಆದರೆ ನಿನ್ನದನ್ನು ಎರಡು ಸಲ ಓದಿದೆ. ನನಗೂ ನಿನಗೂ ಒಂದು ವ್ಯತ್ಯಾಸ ಇದೆ. ನನಗೆ ಅಡಗಿಕೊಳ್ಳಲು ಪಾತ್ರ ಇತ್ತು. ಬಣ್ಣ ಹಚ್ಚಿಕೊಂಡು ಇನ್ಯಾರದೋ ದುಃಖವನ್ನು ಅಳುತ್ತಿದ್ದೆ, ಆ ನೆಪದಲ್ಲಿ ನನ್ನದೂ ಒಂದಿಷ್ಟು ಹರಿದು ಹೋಗುತ್ತಿತ್ತು. ನನ್ನ ಹೆಂಡತಿ ಹೋಗಿದ್ದಾಳೆ ಅಂತ ಯಾರೂ ಮೈಕಿನಲ್ಲಿ ಹೇಳಲಿಲ್ಲ. ನಿನಗೆ ಹಾಗಾಗಲಿಲ್ಲ. ನಿನ್ನ ಅಪ್ಪನ ಸಾವೇ ಕಾರ್ಯಕ್ರಮದ ಒಂದು ಭಾಗ ಆಗಿಬಿಟ್ಟಿತು. ಆಮೇಲಿನ ಇಪ್ಪತ್ತೆರಡು ಸಭೆಯೂ ಆ ಗಟ್ಟಿಗಿತ್ತಿಯನ್ನು ನೋಡಲಿಕ್ಕೆ ಬಂದವು. ಅಂಥ ಕಡೆ ನಿಂತು ಯಾರಿಗೆ ಅಳು ಬರುತ್ತದೆ ಮಗಳೇ?

ನಿಲ್ಲಿಸುವುದಾದರೆ ನಿಲ್ಲಿಸು. ದಿನಕ್ಕೊಂದು ಗೊತ್ತಾದ ಹೊತ್ತು ಮಾತ್ರ ಇಟ್ಟುಕೋ. ಹಾಡಬೇಡ, ಸುಮ್ಮನೆ ಕೂತರೂ ಸಾಕು. ಬರಿದಾದ ದಿನ ಬಹಳ ಉದ್ದ ಇರುತ್ತದೆ, ಅದನ್ನು ನಾನು ಕಂಡಿದ್ದೇನೆ.

---

ಶ್ರುತಿ_ತಂತಿ:

ಮಾತು_ಮೌನ ಅವರೇ, ಪಿಸುಗುಟ್ಟುವ ವಿಷಯ ಗೊತ್ತೇ ಇರಲಿಲ್ಲ. ನಾಲ್ಕು ದಿನದಿಂದ ಮನೆಯಲ್ಲಿ ಪಿಸುಗುಟ್ಟಿಕೊಂಡೇ ಓಡಾಡುತ್ತಿದ್ದೆ! ಇವತ್ತಿಂದ ಬಿಟ್ಟೆ. ನನ್ನ ಶ್ರುತಿ ‘ಎ’ ಅಂತ ಹೇಗೆ ಊಹಿಸಿದಿರೋ. ಹೌದು, ಅದೇ.

ಸರ್, ನಿಮ್ಮ ಉತ್ತರ ಓದಿ ಬಹಳ ಹೊತ್ತು ಕೂತಿದ್ದೆ. ಒಂದು ವಿಷಯ ನೆನಪಾಯಿತು, ಯಾರಿಗೂ ಹೇಳಿಲ್ಲ. ನಮ್ಮ ಮನೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ದಿನಾ ಬೆಳಿಗ್ಗೆ ಅಪ್ಪನೇ ಹಾಕುತ್ತಿದ್ದರು. ನಾನು ಬರುವ ಹೊತ್ತಿಗೆ ಅದು ಮೊಳಗುತ್ತಿರುತ್ತಿತ್ತು. ಎಷ್ಟೋ ದಿನ ‘ಎ’ ಬದಲು ಅರ್ಧ ಸ್ವರ ಕೆಳಗೆ ಇಟ್ಟಿರುತ್ತಿದ್ದರು. ಕೇಳಿದರೆ, ‘ನಿನ್ನೆ ರಾತ್ರಿ ಫೋನಲ್ಲಿ ನಿನ್ನ ದನಿ ದಣಿದಿತ್ತು’ ಅನ್ನುತ್ತಿದ್ದರು. ಅವರು ಹೋದ ಒಂಬತ್ತನೇ ದಿನ ನಾನು ಯಾವ ಶ್ರುತಿಯಲ್ಲಿ ಹಾಡಿದೆ ಅಂತ ವಿಡಿಯೊ ಹಾಕಿ ಕೇಳಿದೆ. ‘ಎ’ನಲ್ಲೇ. ಇಪ್ಪತ್ಮೂರೂ ‘ಎ’ನಲ್ಲೇ.

---

ಎಡಗಾಲು_10 ಉತ್ತರ:

ಅಕ್ಕಾ, ನಿಮ್ಮ ಚಿಕ್ಕಪ್ಪನ ಮೆಸೇಜಿಗೆ ಉತ್ತರ ಕೊಡ್ಬೇಕು ಅಂತಾನೇ ಲಾಗಿನ್ ಆದೆ. ನಾನು ಫುಟ್ಬಾಲ್ ಆಡ್ತಿದ್ದವನು, ಕ್ರಿಕೆಟ್ ಹುಚ್ಚೂ ಇದೆ.

ಸಚಿನ್ ವಿಷಯ ನಿಜ. 1999ರ ವಿಶ್ವಕಪ್, ಮೇ 19ಕ್ಕೆ ಅವರ ತಂದೆ ತೀರಿಕೊಂಡ್ರು, ಮೇ 23ಕ್ಕೆ ಬ್ರಿಸ್ಟಲ್‌ನಲ್ಲಿ ಕೀನ್ಯಾ ಮೇಲೆ ಔಟಾಗದೆ 140. ಆದ್ರೆ ನಡುವೆ ಅವ್ರು ಮನೆಗೆ ಬಂದಿದ್ರು. ಜಿಂಬಾಬ್ವೆ ಜೊತೆ ಮ್ಯಾಚ್ ಬಿಟ್ರು, ಆ ಮ್ಯಾಚ್‌ನ ನಾವು ಮೂರು ರನ್ನಲ್ಲಿ ಸೋತ್ವಿ. ವಾಪಸ್ ಹೋಗು ಅಂತ ಹೇಳಿದ್ದು ಅವರ ತಾಯಿ, ಪೋಸ್ಟರ್ ಹಾಕಿದವ್ರಲ್ಲ. ಅವ್ರಿಗೆ ಅದೇ ಸರಿ ಅನ್ನಿಸ್ತು, ಹೋದ್ರು. ದೊಡ್ಡ ಮನುಷ್ಯ. ಆದ್ರೆ ಅದು ಅವರ ದಾರಿ.

ಕೊಹ್ಲಿದು ಇನ್ನೂ ಕೇಳಿ. 2006ರ ಡಿಸೆಂಬರ್, ನಮ್ಮ ಕರ್ನಾಟಕದ ಮೇಲೇನೇ ರಣಜಿ ಮ್ಯಾಚ್. ರಾತ್ರಿ ತಂದೆ ತೀರಿಕೊಂಡ್ರು, ಬೆಳಿಗ್ಗೆ ಬಂದು ಆಡಿದ, 90 ಹೊಡೆದ. ಹದಿನೆಂಟು ವರ್ಷದ ಹುಡುಗ. ಈ ಅರ್ಧ ಕಥೆ ಎಲ್ರೂ ಹೇಳ್ತಾರೆ. ಇನ್ನರ್ಧ 2022ರದು. ಏಷ್ಯಾ ಕಪ್‌ಗೆ ಮೊದ್ಲು ಅದೇ ಕೊಹ್ಲಿ ಹೇಳಿದ್ದು: ಹತ್ತು ವರ್ಷದಲ್ಲಿ ಮೊದಲ ಸಲ ಒಂದು ತಿಂಗಳು ಬ್ಯಾಟ್ ಮುಟ್ಟಲಿಲ್ಲ, ಇಲ್ಲದ ಹುರುಪನ್ನ ಇದೆ ಅಂತ ತೋರಿಸಿಕೊಳ್ತಿದ್ದೆ, ಮನಸ್ಸು ಸೋತಿತ್ತು ಅಂತ. ಆ ತಿಂಗಳ ವಿರಾಮ ಆದ್ಮೇಲೆ ಸೆಪ್ಟೆಂಬರ್ 8ಕ್ಕೆ ಅಫ್ಘಾನಿಸ್ತಾನದ ಮೇಲೆ 122. 2019ರ ನವೆಂಬರ್ ಆದ್ಮೇಲೆ ಅದೇ ಮೊದಲ ಅಂತರರಾಷ್ಟ್ರೀಯ ಶತಕ. ಚಿಕ್ಕಪ್ಪನಿಗೆ ಈ ಅರ್ಧನೂ ಕಳಿಸಿ.

ನಿಮ್ಮ ಪರಿಸ್ಥಿತಿಗೆ ತೀರಾ ಹತ್ತಿರ ಇರೋದು ಇಂಗ್ಲೆಂಡ್ ಕ್ರಿಕೆಟಿಗ ಬೆನ್ ಸ್ಟೋಕ್ಸ್. 2020ರ ಡಿಸೆಂಬರ್‌ನಲ್ಲಿ ಅವನ ತಂದೆ ತೀರಿಕೊಂಡ್ರು. ಆಡ್ತಾನೇ ಇದ್ದ. 2021ರ ಜುಲೈ ಕೊನೆಗೆ, ಭಾರತದ ವಿರುದ್ಧ ಟೆಸ್ಟ್ ಸರಣಿ ಶುರುವಾಗೋ ಹೊತ್ತಿಗೆ, ಎಲ್ಲ ಕ್ರಿಕೆಟ್‌ನಿಂದ ವಿರಾಮ ಅಂದುಬಿಟ್ಟ. ಬೆರಳಿನ ಗಾಯ ಇತ್ತು, ಮನಸ್ಸೂ ಸರಿ ಇರಲಿಲ್ಲ. ಎರಡನ್ನೂ ಹೇಳಿದ್ರು, ಯಾವಾಗ ವಾಪಸ್ ಅಂತ ಮಾತ್ರ ಹೇಳ್ಲಿಲ್ಲ. ಡಿಸೆಂಬರ್‌ನಲ್ಲಿ ಆ್ಯಶಸ್‌ಗೆ ಬಂದ. 2022ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಟೆಸ್ಟ್ ಕ್ಯಾಪ್ಟನ್ ಮಾಡಿದ್ರು. ಕೈಬಿಟ್ಟೋನು ಅಂತ ಯಾರಾದ್ರೂ ಇವತ್ತು ಅಂತಾರಾ?

ಇನ್ನು ನಂದು. ಮಂಡಿಯ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿದು ಆಪರೇಷನ್ ಆಗಿತ್ತು. ಒಂಬತ್ತು ತಿಂಗಳು ಕಾಯಿ ಅಂದಿದ್ರು. ಐದೂವರೆ ತಿಂಗಳಿಗೆ ಫೈನಲ್ ಬಂತು. ನಮ್ಮ ಹುಡುಗ್ರೆಲ್ಲ ಮನೆ ಮುಂದೆ ಬಂದು ನನ್ನ ಹೆಸರು ಕೂಗಿದ್ರು. ಹತ್ತು ನಂಬರಿನ ಜೆರ್ಸಿ ಗೇಟಿಗೆ ನೇತು ಹಾಕಿದ್ರು. ಹೇಗೆ ಬೇಡ ಅನ್ಲಿ? ಇಳಿದೆ. ನಲವತ್ತನೇ ನಿಮಿಷ, ಪಕ್ಕದಲ್ಲಿ ಯಾರೂ ಇರ್ಲಿಲ್ಲ, ಸುಮ್ನೆ ತಿರುಗಿದೆ, ‘ಟಪ್’ ಅಂತು. ಆ ಸದ್ದು ನನಗೆ ಮಾತ್ರ ಕೇಳಿಸ್ತು. ಎರಡನೇ ಆಪರೇಷನ್ ದಿನ ಗೇಟ್ ಹತ್ರ ಯಾರೂ ಇರ್ಲಿಲ್ಲ. ಅವ್ರ ತಪ್ಪು ಅಂತ ಹೇಳ್ತಿಲ್ಲ ಅಕ್ಕಾ. ಅವ್ರಿಗೆ ಒಂದು ಫೈನಲ್ ಬೇಕಿತ್ತು, ನನಗೆ ಜೀವನಪೂರ್ತಿ ಮಂಡಿ ಬೇಕಿತ್ತು. ಆಮೇಲೆ ಓದಿದೆ, 2016ರಲ್ಲಿ ಒಂದು ಅಧ್ಯಯನ ಬಂದಿದೆ: ಈ ಆಪರೇಷನ್ ಆದ್ಮೇಲೆ ಒಂಬತ್ತು ತಿಂಗಳವರೆಗೆ, ಮೈದಾನಕ್ಕೆ ಇಳಿಯೋದನ್ನ ಒಂದೊಂದು ತಿಂಗಳು ಮುಂದಕ್ಕೆ ಹಾಕಿದಂಗೂ ಮಂಡಿಗೆ ಮತ್ತೆ ಗಾಯ ಆಗೋ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತಂತೆ. ನಾನು ಬಿಟ್ಟಿದ್ದು ಮೂರೂವರೆ ತಿಂಗಳು. ಲೆಕ್ಕ ನೀವೇ ಹಾಕಿ.

ವಾಪಸ್ ಬರೋದು ಹೇಗೆ ಅಂತ ಕೇಳಿದ್ರಲ್ಲ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮಾಡಿದ್ದು ನನಗೆ ಬಹಳ ಇಷ್ಟ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 27, ವಾಲ್ಟ್ ಅನ್ನೋ ಜಿಗಿತದಲ್ಲಿ ಎರಡೂವರೆ ಸುತ್ತು ತಿರುಗಬೇಕಾದಲ್ಲಿ ಒಂದೂವರೆಗೇ ಗಾಳಿಯಲ್ಲಿ ದಿಕ್ಕು ತಪ್ತು. ಅಲ್ಲಿಗೇ ತಂಡದ ಫೈನಲ್‌ನಿಂದ ಹೊರಗೆ ಬಂದ್ಳು. ಜನ ಬಾಯಿಗೆ ಬಂದಂಗೆ ಅಂದ್ರು. ಒಂದು ವಾರದ ಮೇಲೆ ಬೀಮ್ (ಕಿರಿದಾದ ತೊಲೆ) ಸ್ಪರ್ಧೆಗೆ ಮಾತ್ರ ವಾಪಸ್ ಬಂದ್ಳು, ಅದೂ ಕೊನೆಗೆ ಇಳಿಯೋ ಜಿಗಿತದಲ್ಲಿ ಮೈ ತಿರುಚೋದನ್ನೇ ತೆಗೆದು ಹಾಕಿ. ಕಂಚು ಬಂತು. ಮೂರು ವರ್ಷ ಆದ್ಮೇಲೆ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ನೀವೂ ಬರೋವಾಗ ಆ ‘ಎ’ ಬಿಟ್ಟು ಬನ್ನಿ ಅಕ್ಕಾ. ನಿಮ್ಮಪ್ಪ ಇಡ್ತಿದ್ರಲ್ಲ, ಆ ಶ್ರುತಿಗೆ ಬನ್ನಿ.

---

ಭಾನುವಾರದ_ಕಿವಿ ಉತ್ತರ:

ನಾನು ಹಾಡುವವಳಲ್ಲ, ಕೇಳುವವಳು. ಪ್ರತಿ ವಾರ ಒಬ್ಬರ ಹಾಡಿಗೆ ಕಾಯುತ್ತಿದ್ದೆ, ಒಮ್ಮೆ ಅವರು ಇದ್ದಕ್ಕಿದ್ದಂತೆ ನಿಲ್ಲಿಸಿದರು. ‘ಏನಾಯ್ತು? ಹುಷಾರಾಗಿದ್ದೀರಾ? ಯಾವಾಗ ಬರ್ತೀರಿ?’ ಅಂತ ಮೂರು ಸಲ ಬರೆದೆ. ಪ್ರೀತಿಯಿಂದಲೇ ಬರೆದದ್ದು. ನನ್ನ ಹಾಗೆ ನೂರು ಜನ ಬರೆದಿರುತ್ತಾರೆ, ಅವರು ಅಷ್ಟೂ ಓದಿರುತ್ತಾರೆ ಅಂತ ಆಗ ಹೊಳೆಯಲಿಲ್ಲ.

ಕೇಳುವವರ ಕಡೆಯಿಂದ ಹೇಳುತ್ತೇನೆ. ನಮಗೆ ಕಾರಣ ಬೇಕಾಗಿಲ್ಲ. ಗೊತ್ತಾಗಬೇಕಾದದ್ದು ಎರಡೇ: ನೀವು ಕ್ಷೇಮವಾಗಿದ್ದೀರಿ, ನಾವು ಸುಮ್ಮನೆ ಕಾಯಬಹುದು. ಇಂಥ ದಿನ ಬರುತ್ತೇನೆ ಅಂತ ಮಾತ್ರ ಹೇಳಬೇಡಿ. ದಿನ ಹೇಳಿದರೆ ನಾವು ಎಣಿಸುತ್ತೇವೆ, ಎಣಿಸುವವರು ಎಷ್ಟೇ ಒಳ್ಳೆಯವರಾದರೂ ಒತ್ತಡವೇ. ಸಂಘಟಕರಿಗೆ ಮಾತ್ರ ಬೇಗ ಹೇಳಿ, ಐದು ವಾರ ಅಂದರೆ ಬೇರೆಯವರನ್ನು ಕರೆಯಲು ಸಮಯ ಇದೆ. ಕೊನೇ ವಾರದವರೆಗೆ ಎಳೆದರೆ ಅವರಿಗೂ ಕಷ್ಟ.

---

ಶ್ರುತಿ_ತಂತಿ (ನಾಲ್ಕು ವಾರದ ನಂತರ):

ಎಲ್ಲರಿಗೂ. ತಡವಾಗಿ ಬರೆಯುತ್ತಿದ್ದೇನೆ.

ಭಾನುವಾರದ ಕಿವಿಯವರು ಬರೆದ ಮಾರನೇ ದಿನವೇ ಸಂಘಟಕರಿಗೆ ಡಾಕ್ಟರ ಚೀಟಿಯ ಫೋಟೊ ಕಳಿಸಿ ಅಡ್ವಾನ್ಸ್ ವಾಪಸ್ ಹಾಕಿದೆ. ನನ್ನ ಬದಲಿಗೆ ಹಾಡಬಲ್ಲ ಇಬ್ಬರ ಹೆಸರನ್ನೂ ಕೊಟ್ಟೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಫೋನ್ ಮಾಡಿ ಬೇಜಾರಿನಲ್ಲೇ ಮಾತಾಡಿದರು. ಕೇಳಿಸಿಕೊಂಡೆ. ಅವರ ಬೇಜಾರೂ ಸುಳ್ಳಲ್ಲ. ಈ ವಾರ ಆ ಕಾರ್ಯಕ್ರಮ ನಡೆಯುತ್ತಿದೆ, ನಾನು ಹೇಳಿದ ಹುಡುಗಿಯೇ ಹಾಡುತ್ತಿದ್ದಾಳೆ.

ಕೇಳುಗರಿಗೆ ಹಾಕಿದ್ದು ಇಷ್ಟೇ, ಯಾರಿಗಾದರೂ ಉಪಯೋಗ ಆದೀತು ಅಂತ ಇಲ್ಲಿಡುತ್ತೇನೆ: ‘ನನ್ನ ಗಂಟಲಿಗೆ ವಿಶ್ರಾಂತಿ ಬೇಕಾಗಿದೆ, ನನಗೂ ಬೇಕಾಗಿದೆ. ಚಿಕಿತ್ಸೆ ನಡೆಯುತ್ತಿದೆ, ಕ್ಷೇಮವಾಗಿದ್ದೇನೆ. ಹಾಡುವ ದಿನ ನಾನೇ ತಿಳಿಸುತ್ತೇನೆ. ಅಲ್ಲಿಯವರೆಗೆ ಮೆಸೇಜುಗಳಿಗೆ ಉತ್ತರ ಬರೆಯುವುದಿಲ್ಲ, ತಪ್ಪು ತಿಳಿಯಬೇಡಿ.’ ಅಪ್ಪನ ಹೆಸರು ಬರೆಯಲಿಲ್ಲ. ಬರೆದು, ಅಳಿಸಿದೆ. ಇನ್ನೊಮ್ಮೆ ಅವರನ್ನು ಸಭೆಗೆ ಕರೆದು ತರಲು ಮನಸ್ಸಾಗಲಿಲ್ಲ. ಕೆಳಗೆ ಕಾಮೆಂಟ್ ಬರೆಯುವ ಜಾಗವನ್ನೂ ಮುಚ್ಚಿಟ್ಟೆ. ಚಿಕ್ಕಪ್ಪನಿಗೆ ಎಡಗಾಲಿನ ತಮ್ಮ ಬರೆದದ್ದನ್ನು ಹಾಗೇ ಕಳಿಸಿದೆ. ‘ಸರಿ ಮಗಳೇ’ ಅಂತ ಎರಡು ಪದ ಬಂತು, ಆಮೇಲೆ ಸಚಿನ್ ಬಂದಿಲ್ಲ.

ಥೆರಪಿ ವಾರಕ್ಕೆ ಎರಡು ದಿನ. ಒಂದು ಲೋಟದಲ್ಲಿ ಅರ್ಧ ನೀರು ಹಾಕಿ, ಅದಕ್ಕೆ ಸ್ಟ್ರಾ ಅದ್ದಿ ‘ಊ...’ ಅಂತ ದನಿ ಊದಬೇಕು. ನೀರು ಗುಳುಗುಳು ಅನ್ನುತ್ತದೆ. ಹಾಗೆ ಊದುವಾಗ ಬಾಯಲ್ಲಿ ನಿಂತ ಗಾಳಿಯ ಒತ್ತಡ ತಂತುಗಳು ಜೋರಾಗಿ ಗುದ್ದದಂತೆ ತಡೆಯುತ್ತದೆಯಂತೆ. ಮೊದಲ ವಾರ ಗುಳ್ಳೆಗಳು ತುಂಡುತುಂಡಾಗಿ ಬರುತ್ತಿದ್ದವು, ಈಗ ಒಂದೇ ಸಮ ಬರುತ್ತಿವೆ. ಥೆರಪಿಸ್ಟ್ ಮೊದಲ ದಿನ ಕುತ್ತಿಗೆಯ ಎರಡೂ ಪಕ್ಕ ಬೆರಳಿಟ್ಟು ಮೆಲ್ಲಗೆ ಕೆಳಗೆ ಎಳೆದರು. ಎಷ್ಟು ಬಿಗಿ ಇತ್ತೆಂದರೆ ಕಣ್ಣಲ್ಲಿ ನೀರು ಬಂತು. ನೋವಿಗೆ ಅಂದುಕೊಂಡೆ. ನೋವಿಗಲ್ಲ. ಅವರು ಕೈ ತೆಗೆದು, ಕುರ್ಚಿ ಹತ್ತಿರ ಎಳೆದುಕೊಂಡು ಸುಮ್ಮನೆ ಕೂತರು. ಆ ಅರ್ಧ ಗಂಟೆ ಪೂರ್ತಿ ಅತ್ತೆ. ಗಂಟಲು ಒತ್ತದೆ ಅಳುವುದು ಹೇಗೆ ಅಂತ ಆಮೇಲೆ ಅವರೇ ಹೇಳಿಕೊಟ್ಟರು.

ಸರ್ ಹೇಳಿದ ಗೊತ್ತಾದ ಹೊತ್ತು ನನಗೆ ಬೆಳಿಗ್ಗೆ ಆರು. ಶ್ರುತಿಪೆಟ್ಟಿಗೆ ಹಾಕಿ ಅದರ ಪಕ್ಕ ಕೂರುತ್ತೇನೆ. ಮೊದಲ ದಿನ ಡಯಲ್ ನೋಡಿದೆ, ‘ಎ’ ಮೇಲೇ ಇತ್ತು, ನಾನೇ ಇಟ್ಟದ್ದು. ಅರ್ಧ ಕೆಳಗೆ ತಿರುಗಿಸಿದೆ. ಇಪ್ಪತ್ತು ನಿಮಿಷ ಅದು ಮೊಳಗುತ್ತದೆ, ನಾನು ಬಾಯಿ ಬಿಡುವುದಿಲ್ಲ.

ಎರಡನೇ ಸ್ಕೋಪ್, ಅದೇ ಮೂಗಿನ ಕ್ಯಾಮೆರಾ ಪರೀಕ್ಷೆ, ಮುಂದಿನ ಬುಧವಾರ. ಈ ಭಾನುವಾರವೂ ಹಾಡು ಇರುವುದಿಲ್ಲ.